ಹಳೇ ಪದ್ಮಿನಿಗೆ ಬ್ಲಾಸ್ಟಿಂಗ್, ಪ್ರೈಮರ್: ಪೀಣ್ಯದ ಯಾರ್ಡ್ ಒಂದರ ಕೆಲಸ

ಗಾಳಿಯ ಒತ್ತಡದಲ್ಲಿ ಕಾಳು ಹೊಡೆದು ಹಳೇ ಪೇಂಟು, ತುಕ್ಕು ಕೀಳುವ ಬ್ಲಾಸ್ಟಿಂಗಿಗೆ ಪೂರ್ತಿ ಅಂಕ, ಪೇಂಟಿನ ಕೆಳಗೆ ಬೀಳುವ ಮೊದಲ ಪದರವಾದ ಪ್ರೈಮರಿಗೆ ಅರ್ಧ. ಎಂಜಿನ್, ಗಾಜು, ವೈರಿಂಗ್ ಬಿಚ್ಚಿದ ಪ್ರೀಮಿಯರ್ ಪದ್ಮಿನಿ ಕಾರಿನ ಖಾಲಿ ಬಾಡಿ ಇಲ್ಲಿಂದ ಹೊರಬಂದ ರೀತಿ ನೋಡಿ ಕೊಟ್ಟ ಅಂಕ ಇದು.

ಹೆಸರಿಗಷ್ಟೇ ಸ್ಯಾಂಡ್ ಬ್ಲಾಸ್ಟಿಂಗ್. ಮರಳಿನ ಸಿಲಿಕಾ ದೂಳು ಕೆಲಸದವರ ಶ್ವಾಸಕೋಶ ಹಾಳು ಮಾಡುವುದರಿಂದ ಇಲ್ಲಿ ಹೊಡೆಯುವುದು 80 ಮೆಶ್ ಗಾರ್ನೆಟ್, ಅಂದರೆ ಸಣ್ಣಗೆ ಜರಡಿ ಹಿಡಿದ ಗಟ್ಟಿ ಖನಿಜದ ಕಾಳು. ಅದಕ್ಕೂ ಮೊದಲು ಅಡಿಭಾಗದ ಹಳೇ ಟಾರನ್ನು ಹೀಟ್ ಗನ್ ಹಿಡಿದು ಕೆರೆದು, ಗ್ರೀಸ್ ತೊಳೆದರು. ಮೆತ್ತಗಿನ ಟಾರಿನ ಮೇಲೆ ಗಾರ್ನೆಟ್ ಪುಟಿಯುತ್ತದೆಯೇ ಹೊರತು ಕೀಳುವುದಿಲ್ಲ. ಚಾಸಿ ನಂಬರಿನ ಮೇಲೆ ಹೇಳದೆಯೇ ಎರಡು ಪದರ ಟೇಪ್ ಬಿತ್ತು. ಆ ನಂಬರ್ ಅಳಿಸಿದರೆ ಆರ್‌ಟಿಒದಲ್ಲಿ ಪಡುವ ಪಾಡು ಅವರಿಗೂ ಗೊತ್ತಿದೆ.

ಪದ್ಮಿನಿಗೆ ಬೇರೆ ಚಾಸಿ ಫ್ರೇಮ್ ಇಲ್ಲ, ಭಾರವೆಲ್ಲ ಬಾಡಿಯದೇ. ಹಾಗಾಗಿ ಭಾರ ಹೊರುವ ಸಿಲ್ (ಬಾಗಿಲ ಕೆಳಗಿನ ಪಟ್ಟಿ), ಫ್ಲೋರ್, ಹಿಂದಿನ ಸ್ಪ್ರಿಂಗ್ ಪಟ್ಟಾ ಕೂರುವ ಜಾಗಕ್ಕೆ 80 ಪಿಎಸ್‌ಐ ಒತ್ತಡ. ಬಾಗಿಲಿಗೆ 45 ಪಿಎಸ್‌ಐ, ಅದೂ ನಾಝಲ್ ಓರೆಯಾಗಿ ಹಿಡಿದು. ಬಾನೆಟ್ಟು, ರೂಫನ್ನು ಮುಟ್ಟಲೇ ಇಲ್ಲ, ಪೇಂಟ್ ರಿಮೂವರ್ ಹಾಕಿಸಿಕೊಳ್ಳಿ ಎಂದರು. ಸರಿಯಾದ ಮಾತು. ತಗಡು ಬಿಸಿಯಾಗಿ ಸೊಟ್ಟಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮುಖ್ಯ ಕಾರಣ ಬೇರೆ: ಒಂದೊಂದು ಕಾಳೂ ಪುಟ್ಟ ಸುತ್ತಿಗೆಯಂತೆ ಬಡಿದು ತಗಡಿನ ಒಂದೇ ಮುಖವನ್ನು ಹಿಗ್ಗಿಸುತ್ತದೆ. ಆಮೇಲೆ ಬೆರಳಲ್ಲಿ ಒತ್ತಿದರೆ ಎಣ್ಣೆ ಡಬ್ಬದ ತಳದ ಹಾಗೆ ಟಕ್ ಅನ್ನುತ್ತದೆ, ಟಿಂಕರಿಂಗಿಗೂ ಬಗ್ಗುವುದಿಲ್ಲ.

ಎಡವಿದ್ದು ಆಮೇಲೆ. ಸಂಜೆ ಬ್ಲಾಸ್ಟಿಂಗ್ ಮುಗಿಸಿ ಪ್ರೈಮರನ್ನು ಬೆಳಿಗ್ಗೆಗೆ ಇಟ್ಟುಕೊಂಡರು, ಅದೂ ಮಳೆಗಾಲದಲ್ಲಿ. ಬೆಳಗಾಗುವಷ್ಟರಲ್ಲಿ ವೀಲ್ ಆರ್ಚಿನ ಜೋಡಣೆಯಲ್ಲಿ ಚಹಾ ಬಣ್ಣದ ತುಕ್ಕು. ಬ್ಲಾಸ್ಟಿಂಗ್ ಮುಗಿದ ನಾಲ್ಕು ತಾಸಿನೊಳಗೆ ಪ್ರೈಮರ್ ಬೀಳಬೇಕು. ಗಾಳಿಯ ತೇವ 85 ಶೇಕಡಾ ದಾಟಿರಬಾರದು, ತಗಡು ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ 3 ಡಿಗ್ರಿಯಾದರೂ ಬೆಚ್ಚಗಿರಬೇಕು. "ಥಿನ್ನರಲ್ಲಿ ಒರೆಸಿ ಹೊಡೀತೀವಿ ಸಾರ್" ಎಂದರೆ ಒಪ್ಪಬೇಡಿ. ಉಪ್ಪು ಕಾಗದದಂಥ ಆ ಮೈ ಬಟ್ಟೆಯ ಎಳೆ ಕಿತ್ತುಕೊಳ್ಳುತ್ತದೆ, ತುಕ್ಕು ಹಾಗೇ ಇರುತ್ತದೆ. ಮತ್ತೊಮ್ಮೆ ಹಗುರವಾಗಿ ಬ್ಲಾಸ್ಟ್ ಮಾಡುವುದೇ ದಾರಿ. ಪಟ್ಟು ಹಿಡಿದ ಮೇಲೆ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ.

ಸುಮ್ಮನಿದ್ದರೆ ಇವರು ಹೊಡೆಯುವುದು ಗೇಟಿಗೆ ಬಳಿಯುವ ರೆಡ್ ಆಕ್ಸೈಡ್. ಅದು ನೀರು ಹೀರುತ್ತದೆ, ಮೇಲಿನ ಪೇಂಟಿನ ಥಿನ್ನರಿಗೆ ಸುಕ್ಕೇಳುತ್ತದೆ. ಬೇಸ್, ಹಾರ್ಡನರ್ ಎಂದು ಎರಡು ಡಬ್ಬಿಯಲ್ಲಿ ಬರುವ ಎಪಾಕ್ಸಿ ಪ್ರೈಮರನ್ನು ನೀವೇ ಒಯ್ಯಿರಿ. ಡಬ್ಬಿಯ ಮೇಲಿನ ಅಳತೆಯಲ್ಲೇ ಬೆರೆಸಿ, ಬೆರೆಸಿದ್ದನ್ನು ಸ್ವಲ್ಪ ಹೊತ್ತು ಹಾಗೇ ಬಿಡಲು ಹೇಳಿದ್ದರೆ ಅಷ್ಟು ಹೊತ್ತು ಬಿಟ್ಟು, ಎರಡು ಕೋಟ್. ಒಣಗಿದ ಮೇಲೆ ಒಟ್ಟು 60ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ನಿಲ್ಲಬೇಕು. ಬ್ಲಾಸ್ಟಿಂಗ್ ಎಬ್ಬಿಸಿದ ತರಿಯೇ 30-40 ಮೈಕ್ರಾನ್ ಇರುತ್ತದೆ. ಕೋಟ್ ತೆಳುವಾದರೆ ತರಿಯ ತುದಿ ಇಣುಕಿ ಸಾಸಿವೆ ಕಾಳಿನಂಥ ತುಕ್ಕಿನ ಚುಕ್ಕಿ ಏಳುತ್ತವೆ. ಪುಟ್ಟಿ ಏನಿದ್ದರೂ ಇದರ ಮೇಲೆಯೇ.

ಅದೇ ದಿನ ಪ್ರೈಮರ್ ಬೀಳುವಂತೆ ಬಾಡಿಯನ್ನು ಬೆಳಿಗ್ಗೆ ಎಂಟಕ್ಕೇ ಇಳಿಸಿ. ಪ್ರೈಮರಿಗೆ ಮುಂಚೆ ಸಿಲ್ಲನ್ನು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ಒಣ ಗಾಳಿ ಊದಿಸಿ. "ಕ್ಲೀನ್ ಆಯ್ತು" ಅಂದ ಮೇಲೂ ಎರಡು ಹಿಡಿ ಗಾರ್ನೆಟ್ ಉದುರಿತು.