ಫ್ಲೈ ಕಟ್ಟಲು ಕಲಿಸುವ ಮೂರು ಪುಸ್ತಕಗಳು: ಬಾಗಲಕೋಟೆಯ ಮೇಜಿನ ಮೇಲೆ ಒಂದು ಹೋಲಿಕೆ

ಗಾಳದ ಕೊಕ್ಕೆಗೆ ಗರಿ, ಕೂದಲು, ದಾರಗಳನ್ನು ಸುತ್ತಿ, ನೀರಿನ ಹುಳುವಿನಂತೆಯೋ ಮರಿಮೀನಿನಂತೆಯೋ ತೋರುವ ಎರೆಯನ್ನು ಕೈಯಿಂದ ಸಿದ್ಧಪಡಿಸುವ ಕೆಲಸಕ್ಕೆ ಫ್ಲೈ ಟೈಯಿಂಗ್ ಎಂದು ಹೆಸರು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಅಂಚಿಗೇ ಬಂದು ನಿಂತಿದ್ದರೂ, ಅಲ್ಲಿ ನಾನು ಕಂಡವರು ಬಲೆ ಬೀಸುವವರು ಮತ್ತು ಎರೆಹುಳು ಸಿಕ್ಕಿಸಿ ಗಾಳ ಹಾಕುವವರು. ಫ್ಲೈ ಕಟ್ಟುವುದನ್ನು ಎದುರು ಕುಳಿತು ಕಲಿಸಬಲ್ಲವರು ನನಗೆ ಸಿಗಲಿಲ್ಲ. ಹೀಗಾಗಿ ಪುಸ್ತಕಗಳನ್ನೇ ಗುರುವಾಗಿ ಮಾಡಿಕೊಳ್ಳಬೇಕಾಯಿತು. ಒಂದರಿಂದ ಕೆಲಸ ಪೂರ್ತಿಯಾಗದೆ ಇನ್ನೊಂದನ್ನು ತರಿಸಿಕೊಳ್ಳುತ್ತ ಹೋಗಿ, ಕೊನೆಗೆ ಮೂರು ಪುಸ್ತಕಗಳು ಮೇಜಿನ ಮೇಲೆ ಸೇರಿದವು.

ಹೋಲಿಕೆಗಾಗಿ ನಾನು ವುಲ್ಲಿ ಬಗರ್ ಎಂಬ ಒಂದೇ ಫ್ಲೈಯನ್ನು ಇಟ್ಟುಕೊಂಡೆ. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ರಸೆಲ್ ಬ್ಲೆಸಿಂಗ್ ರೂಪಿಸಿದ ಈ ಫ್ಲೈಯಲ್ಲಿ ಮೆತ್ತನೆಯ ಬಾಲ, ದಪ್ಪ ನೂಲಿನ ಮೈ, ಮೈಯುದ್ದಕ್ಕೂ ಸುರುಳಿಯಾಗಿ ಸುತ್ತಿದ ಹುಂಜದ ಕತ್ತಿನ ಗರಿ, ಇಷ್ಟೇ ಇರುವುದು. ಆದರೂ ಹೊಸಬನ ಕೈ ತಪ್ಪುವ ಎಲ್ಲ ಜಾಗಗಳೂ ಇದರಲ್ಲಿವೆ. ಒಂದೊಂದು ಪುಸ್ತಕಕ್ಕೆ ಎರಡೆರಡು ವಾರ ಕೊಟ್ಟೆ. 8ನೇ ನಂಬರಿನ ಕೊಕ್ಕೆಯನ್ನೇ ಬಳಸಿದೆ. ಆ ಅವಧಿಯಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡುವುದನ್ನು ನಿಲ್ಲಿಸಿದೆ. ಮೂರನೆಯ ಪುಸ್ತಕಕ್ಕೆ ಬರುವ ಹೊತ್ತಿಗೆ ಕೈ ಪಳಗಿರುವುದರಿಂದ ಅದಕ್ಕೆ ಅನ್ಯಾಯವಾಗಿ ಹೆಚ್ಚು ಅಂಕ ಬೀಳಬಹುದೆಂಬ ಅನುಮಾನದಿಂದ, ಕೊನೆಯಲ್ಲಿ ಮೊದಲನೆಯದಕ್ಕೆ ಮರಳಿ ಇನ್ನೊಂದು ವಾರ ಕಳೆದೆ.

ಪುಸ್ತಕಗಳ ಮಾತಿಗೆ ಮುಂಚೆ ಸಾಮಗ್ರಿಯ ಮಾತನ್ನು ಹೇಳಲೇಬೇಕು, ಏಕೆಂದರೆ ನನ್ನ ತೀರ್ಪು ನಿಂತಿರುವುದು ಅದರ ಮೇಲೆಯೇ. ಇವೆಲ್ಲ ಟ್ರೌಟ್ ಮೀನಿನ ತಣ್ಣೀರಿನ ದೇಶಗಳಲ್ಲಿ ಬರೆದ ಪುಸ್ತಕಗಳು. ಅವು ಕೇಳುವ ಜಿಂಕೆಯ ಕೂದಲನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ನಾವು ಇಲ್ಲಿಯ ಕಾಡಿನಿಂದ ತರುವಂತಿಲ್ಲ. ಬ್ರಿಟನ್ನಿನ ಹಳೆಯ ಸಾಲ್ಮನ್ ಫ್ಲೈಗಳಲ್ಲಿ ಕಣ್ಣಿನಂತೆ ಹೊಳೆಯುವ ಜಂಗಲ್ ಕಾಕ್ ಗರಿ ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿಯ ಕತ್ತಿನದು; ಆ ಹಕ್ಕಿ ಖಾನಾಪುರದ ಕಾಡಿನಲ್ಲಿ ಕೂಗುತ್ತದೆ, ಆದರೆ ಅದರ ಬೇಟೆ ಅಪರಾಧ. ನವಿಲಿನ ವಿಷಯದಲ್ಲಿ, ತಾನಾಗಿ ಉದುರಿದ ಬಾಲದ ಗರಿಗೆ ಮಾತ್ರ ಕಾನೂನು ವಿನಾಯಿತಿ ಕೊಟ್ಟಿದೆ. ಹಾಗಾದರೆ ಕೈಗೆ ಸಿಗುವುದೇನು? ಜವಾರಿ ಹುಂಜದ ಕತ್ತಿನ ಗರಿ, ಇಳಕಲ್ಲಿನ ನೇಕಾರರ ಮನೆಯಲ್ಲಿ ಕಂಡಿಕೆಯ ಮೇಲೆ ಉಳಿದ ಚಮಕಾ ದಾರ, ಜರಿಯ ತುಂಡು, ಮೋಟಾರ್ ರಿವೈಂಡಿಂಗ್ ಅಂಗಡಿಯ ತಾಮ್ರದ ತಂತಿ, ಸ್ಟೇಷನರಿ ಅಂಗಡಿಯ ಫೋಮ್ ಹಾಳೆ. ಬ್ರಾಯ್ಲರ್ ಕೋಳಿಯ ಗರಿಯನ್ನೂ ಪ್ರಯತ್ನಿಸಿದೆ. ಅದು ಗಿಡ್ಡವಾಗಿದ್ದು, ಎರಡು ಸುತ್ತಿಗೇ ಮುಗಿದುಹೋಗುತ್ತದೆ. ಹೀಗಿರುವಾಗ ನಮಗೆ ಬೇಕಾದುದು ಒಂದು ಸಾಮಗ್ರಿಯ ಹೆಸರನ್ನು ಹೇಳಿ ಮುಂದೆ ಹೋಗುವ ಪುಸ್ತಕವಲ್ಲ. ಆ ಸಾಮಗ್ರಿ ಕೊಕ್ಕೆಯ ಮೇಲೆ ಯಾವ ಕೆಲಸ ಮಾಡುತ್ತದೆಂಬುದು ತಿಳಿಯುವಂತೆ ಬರೆದ ಪುಸ್ತಕ.

ಮೊದಲು ಬಂದದ್ದು ಪೀಟರ್ ಗ್ಯಾದರ್‌ಕೋಲ್ ಅವರ ‘ದಿ ಫ್ಲೈ ಟೈಯಿಂಗ್ ಬೈಬಲ್’. ಇದರಲ್ಲಿ 100 ಫ್ಲೈಗಳಿದ್ದು, ಪ್ರತಿಯೊಂದನ್ನೂ ಹಂತಹಂತವಾಗಿ ಬಣ್ಣದ ಚಿತ್ರಗಳಲ್ಲಿ ತೋರಿಸಲಾಗಿದೆ. ಪುಟ ತಿರುವಿದಂತೆಲ್ಲ ಕಟ್ಟಬೇಕೆಂಬ ಆಸೆ ಹುಟ್ಟುತ್ತದೆ, ಮತ್ತು ತೊಡಕು ಆರಂಭವಾಗುವುದು ಅಲ್ಲಿಯೇ. ಸೋಮವಾರ ಒಂದು, ಮಂಗಳವಾರ ಇನ್ನೊಂದು ಎಂದು ಹಾರುತ್ತ ಹೋದ ನಾನು, ಎರಡು ವಾರದ ಕೊನೆಗೆ ವುಲ್ಲಿ ಬಗರ್‌ಗೆ ಬಂದಾಗಲೂ ದಾರದ ಬಿಗಿಯನ್ನು ಅರಿತಿರಲಿಲ್ಲ. ಕಟ್ಟಿದ ಹತ್ತರಲ್ಲಿ ಆರರ ಬಾಲ ಬೆರಳಿನಿಂದ ಎಳೆದರೆ ಕಿತ್ತು ಬಂತು. ಇದು ಪುಸ್ತಕದ ದೋಷವೆನ್ನುವುದಕ್ಕಿಂತ ನಾನು ಅದನ್ನು ಬಳಸಿದ ಕ್ರಮದ ದೋಷ. ಮೂಲ ಕೈಚಳಕ ಬಂದವರಿಗೆ ಇದು ಒಳ್ಳೆಯ ಭಂಡಾರ. ಮರಳಿ ಬಂದ ಆ ಕೊನೆಯ ವಾರದಲ್ಲಿ ಇದೇ ಚಿತ್ರಗಳು ನನಗೆ ಬೇರೆಯೇ ಆಗಿ ಕಂಡವು.

ಎರಡನೆಯದು ಚಾರ್ಲಿ ಕ್ರೇವನ್ ಅವರ ‘ಬೇಸಿಕ್ ಫ್ಲೈ ಟೈಯಿಂಗ್’. ಇದು ಫ್ಲೈಗಳ ಸಂಖ್ಯೆಯ ಹಿಂದೆ ಬೀಳದೆ, ಹಿಂದಿನ ಪಾಠದ ಕೌಶಲವನ್ನು ಮುಂದಿನದಕ್ಕೆ ಮೆಟ್ಟಿಲಾಗಿಸುತ್ತ ಸಾಗುತ್ತದೆ. ಬಾಲದ ಎಳೆಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ದಾರವನ್ನು ಸಡಿಲವಾಗಿ ಮೇಲಿನಿಂದ ದಾಟಿಸಿ, ಆಮೇಲೆ ನೇರವಾಗಿ ಬಿಗಿದರೆ ಎಳೆಗಳು ಕೊಕ್ಕೆಯ ಪಕ್ಕಕ್ಕೆ ಜಾರುವುದಿಲ್ಲ. ಈ ಒಂದು ಹಿಡಿತವನ್ನು ಕಲಿಯಲು ನನಗೆ ನಾಲ್ಕು ಸಂಜೆ ಬೇಕಾದವು. ಕೊಕ್ಕೆಯ ಕಣ್ಣಿನ ಹಿಂದೆ ತಲೆಗೆಂದು ಜಾಗ ಬಿಡದೆ ಮುಂದೊತ್ತುವುದು ಹೊಸಬರೆಲ್ಲರ ಚಟ. ಅದೂ ಇಲ್ಲಿಯೇ ಬಿಟ್ಟಿತು. ಎರಡನೆಯ ವಾರದ ಹತ್ತರಲ್ಲಿ ಎಂಟು ಗಟ್ಟಿಯಾಗಿ ನಿಂತವು. ಬಾಲಕ್ಕೆ ಕೇಳುವ ಮರಬೂ ಇಂದು ಟರ್ಕಿ ಕೋಳಿಯ ಮೆತ್ತನೆಯ ಪುಕ್ಕ. ಅದು ನೀರಿನಲ್ಲಿ ಉಸಿರಾಡುವಂತೆ ಅಲುಗುವುದೇ ಅದರ ಕೆಲಸವೆಂದು ಗೊತ್ತಾದ ಮೇಲೆ, ಜವಾರಿ ಕೋಳಿಯ ಗರಿಯ ಬುಡದಲ್ಲಿರುವ ತುಪ್ಪುಳವನ್ನು ಹಾಕಿ ಬಕೆಟ್ಟಿನಲ್ಲಿ ಎಳೆದು ನೋಡಿದೆ. ಉದ್ದ ಸ್ವಲ್ಪ ಕಡಿಮೆ ಬೀಳುತ್ತದೆ, ಅಲುಗಾಟದಲ್ಲಿ ಕೊರತೆಯಿಲ್ಲ.

ಟೆಡ್ ಲೀಸನ್ ಮತ್ತು ಜಿಮ್ ಶೋಲ್‌ಮೇಯರ್ ಅವರ ‘ದಿ ಬೆಂಚ್‌ಸೈಡ್ ಇಂಟ್ರೊಡಕ್ಷನ್ ಟು ಫ್ಲೈ ಟೈಯಿಂಗ್’ ಮೂರನೆಯದು. ಇದರ ಪುಟಗಳನ್ನು ಅಡ್ಡಕ್ಕೆ ಸೀಳಿ ಎರಡು ಭಾಗ ಮಾಡಿದ್ದಾರೆ: ಒಂದು ಭಾಗದಲ್ಲಿ ಫ್ಲೈ, ಇನ್ನೊಂದರಲ್ಲಿ ಅದಕ್ಕೆ ಬೇಕಾದ ಕೈಚಳಕ. ಫ್ಲೈಯ ಪುಟವನ್ನು ತೆರೆದಿಟ್ಟುಕೊಂಡೇ ಗರಿ ಸುತ್ತುವ ವಿಧಾನವನ್ನು ಇನ್ನೊಂದು ಭಾಗದಲ್ಲಿ ತಿರುವಿ ನೋಡಬಹುದು. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ದಾರದ ಉರುಳೆ ಹಿಡಿಯುವ ಬಾಬಿನ್ ಇರುವಾಗ ಪುಸ್ತಕ ತಾನಾಗಿ ಮುಚ್ಚಿಕೊಂಡರೆ ಎಂಥ ಸಿಟ್ಟು ಬರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಸುರುಳಿ ಕಟ್ಟಿನ ಈ ಪುಸ್ತಕ ಅಂಗಾತ ಬಿದ್ದುಕೊಂಡಿರುತ್ತದೆ. ಕೈಚಳಕವನ್ನು ಫ್ಲೈಯಿಂದ ಬೇರ್ಪಡಿಸಿ ಕಲಿಸುವುದರಿಂದ ನಮ್ಮಂಥವರಿಗೆ ಇನ್ನೊಂದು ಲಾಭವಿದೆ. ಗರಿಯನ್ನು ತುದಿಯಿಂದ ಕಟ್ಟಿ ಮುಂದಕ್ಕೆ ಸುತ್ತುವುದು ತಿಳಿದರೆ ಆ ಗರಿ ಯಾವ ಕೋಳಿಯದೆಂಬುದು ಎರಡನೆಯ ಪ್ರಶ್ನೆಯಾಗುತ್ತದೆ. ಇದರ ಬಳಿಕ ಕಟ್ಟಿದ ಹತ್ತರಲ್ಲಿ ಒಂಬತ್ತು ಉಳಿದವು, ಆದರೆ ಮೇಲೆ ಹೇಳಿದ ಪಳಗಿದ ಕೈಯ ಲೆಕ್ಕವನ್ನು ಇಲ್ಲಿ ಕಳೆಯಬೇಕು. ಒಂಟಿಯಾಗಿ ಕೊಂಡರೆ, ಎಲ್ಲಿಂದ ಆರಂಭಿಸಬೇಕೆಂಬ ಗೊಂದಲ ಇದರಲ್ಲಿ ಕ್ರೇವನ್ ಅವರದಕ್ಕಿಂತ ಹೆಚ್ಚು.

ಹಿನ್ನೀರಿನ ದಡದಲ್ಲಿ ಮಾತ್ರ ಜಯ ಕಂಡದ್ದು ಬೇರೆಯದೇ ಒಂದು ಫ್ಲೈ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರರಾಗಿದ್ದ ಫ್ರಾಂಕ್ ಸಾಯರ್ ಅವರ, ನೀರಿನ ಮರಿಹುಳುವನ್ನು ಹೋಲುವ ಫೆಸೆಂಟ್ ಟೇಲ್ ನಿಂಫ್‌ಗೆ ಬೇಕಾದುದು ಎರಡೇ ವಸ್ತು, ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆ ಮತ್ತು ತಾಮ್ರದ ತಂತಿ. ತಂತಿಯೇ ದಾರವೂ ಹೌದು, ಮುಳುಗಿಸುವ ಭಾರವೂ ಹೌದು. ಹುಂಜದ ಕಂದು ಬಾಲದ ಎಳೆ ಮತ್ತು ರಿವೈಂಡಿಂಗ್ ಅಂಗಡಿಯ 38 ಗೇಜಿನ ತಂತಿಯಿಂದ 12ನೇ ನಂಬರಿನ ಕೊಕ್ಕೆಗೆ ಇದನ್ನು ಕಟ್ಟಿ ಎಸೆದಾಗ, ಮೊದಲ ಸಂಜೆಯೇ ಎರಡು ಜಿಲೇಬಿ ಮೀನು ಕಚ್ಚಿದವು. ತಂತಿಯನ್ನು ತುಂಡಾಗದಂತೆ ಬಿಗಿಯುವ ಅಳತೆ ಕೈಗೆ ಬಂದದ್ದು ಕ್ರೇವನ್ ಅವರ ಪಾಠಗಳಿಂದ.

ಒಂದೇ ಪುಸ್ತಕಕ್ಕೆ ಹಣವಿದ್ದರೆ ಕ್ರೇವನ್ ಅವರದನ್ನು ಕೊಳ್ಳಬೇಕು. ಎರಡಕ್ಕೆ ಇದ್ದರೆ ಜೊತೆಗೆ ಸೀಳು ಪುಟದ್ದನ್ನು. ನೂರು ಫ್ಲೈಗಳ ಪುಸ್ತಕ ಒಂದು ವರ್ಷ ಕಾಯಬಹುದು. ಸೀಳು ಪುಟದ್ದನ್ನು ಕೊಳ್ಳುವವರು ಕಾಗದದ ಪ್ರತಿಯನ್ನೇ ತರಿಸಿಕೊಳ್ಳಲಿ, ಏಕೆಂದರೆ ಮೊಬೈಲಿನ ತೆರೆಯಲ್ಲಿ ಆ ಸೀಳಿಗೆ ಅರ್ಥವೇ ಉಳಿಯುವುದಿಲ್ಲ, ಮೇಲಾಗಿ ಫ್ಲೈಯ ತಲೆಗೆ ಹಚ್ಚುವ ವಾರ್ನಿಷ್ ಹತ್ತಿದ ಬೆರಳಿನಿಂದ ಮೊಬೈಲನ್ನು ಮುಟ್ಟಲೂ ಆಗುವುದಿಲ್ಲ.