ಕಂಪನೀಸ್ ಹೌಸ್ ಜಾಲತಾಣ: ಉದ್ಯಮದ ಒಳಗುಟ್ಟು ತಿಳಿಯಲು ಒಳ್ಳೆಯ ದಾರಿ

ಬ್ರಿಟನ್ನಿಗೆ ವಲಸೆ ಹೋಗಿ ಕೇರ್ ಹೋಮ್ (ವೃದ್ಧರು, ಅಶಕ್ತರ ಆರೈಕೆ ಕೇಂದ್ರ), ಆಸ್ತಿ ಕಂಪನಿ, ದತ್ತಿ ಸಂಸ್ಥೆ ಮೂರನ್ನೂ ಕಟ್ಟಿದ ಮಹಿಳೆಯೊಬ್ಬರ ದುಡಿಮೆಯನ್ನು ಪ್ರಶಸ್ತಿ ಫಲಕಗಳಿಂದಲ್ಲ, ದಾಖಲೆಗಳಿಂದ ಅಳೆಯಬೇಕು. ಅದಕ್ಕೆ ಬ್ರಿಟನ್ನಿನ ಕಂಪನಿ ನೋಂದಣಿ ಸಂಸ್ಥೆಯಾದ ಕಂಪನೀಸ್ ಹೌಸ್‌ನ ಉಚಿತ ಹುಡುಕಾಟ ನಿಜಕ್ಕೂ ಅಮೂಲ್ಯ.

‘ಆಫೀಸರ್ಸ್’ ವಿಭಾಗದಲ್ಲಿ ಹೆಸರು ಹಾಕಿದರೆ ಆಕೆ ನಿರ್ದೇಶಕಿಯಾಗಿರುವ ಕಂಪನಿಗಳು ಸಿಗುತ್ತವೆ. ಎಡವುವುದು ಇಲ್ಲೇ: ನಮ್ಮ ಕಡೆಯ ಹೆಸರು ಒಂದೆಡೆ ಇನಿಷಿಯಲ್‌ನೊಂದಿಗೆ, ಇನ್ನೊಂದೆಡೆ ತಂದೆಯ ಹೆಸರಿನೊಂದಿಗೆ ದಾಖಲಾಗಿ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ. ಹುಟ್ಟಿದ ತಿಂಗಳು, ವರ್ಷ ಹೋಲಿಸಿ ನೋಡಿ, ದಿನಾಂಕ ತೋರಿಸುವುದಿಲ್ಲ.

‘ಚಾರ್ಜಸ್’ ಪುಟ ಅಡಮಾನಗಳನ್ನು ತಿಳಿಸುತ್ತದೆ. ಲೆಕ್ಕಪತ್ರದಲ್ಲಿ ‘ರಿಲೇಟೆಡ್ ಪಾರ್ಟಿ’ (ಸಂಬಂಧಪಟ್ಟವರೊಂದಿಗಿನ ವ್ಯವಹಾರ) ಟಿಪ್ಪಣಿ ಇದ್ದರೆ ಬಿಡದೆ ಓದಿ. ಕೇರ್ ಹೋಮ್ ತನ್ನದೇ ಒಡತಿಯ ಆಸ್ತಿ ಕಂಪನಿಗೆ ಬಾಡಿಗೆ ಕಟ್ಟುತ್ತಿದ್ದರೆ ಅದರ ಸುಳಿವು ಸಿಗುವುದು ಅಲ್ಲಿ. ಸಣ್ಣ ಕಂಪನಿಗಳ ಲಾಭ-ನಷ್ಟ ಪಟ್ಟಿ ಎಷ್ಟೋ ಸಲ ಸಿಗುವುದೇ ಇಲ್ಲ. ಇದು ದೊಡ್ಡ ಕೊರತೆ. ಲೆಕ್ಕದ ವರ್ಷ ಮುಗಿದ ಮೇಲೆ ಲೆಕ್ಕಪತ್ರ ಸಲ್ಲಿಸಲು ಖಾಸಗಿ ಕಂಪನಿಗೆ ಸಾಮಾನ್ಯವಾಗಿ 9 ತಿಂಗಳ ಗಡುವಿರುವುದರಿಂದ ಅಂಕಿಅಂಶ ಹಳತಾಗಿರುತ್ತದೆ.

ಆರೈಕೆಯ ಗುಣಮಟ್ಟ ಇಲ್ಲಿ ಸಿಗದು. ಇಂಗ್ಲೆಂಡಿನಲ್ಲಿ ಅದಕ್ಕೆ ಆರೈಕೆ ಸೇವೆಗಳನ್ನು ತಪಾಸಿಸುವ ಕೇರ್ ಕ್ವಾಲಿಟಿ ಕಮಿಷನ್ ವರದಿ, ದತ್ತಿಯ ಆದಾಯ-ವೆಚ್ಚಕ್ಕೆ ದತ್ತಿ ಸಂಸ್ಥೆಗಳ ನಿಯಂತ್ರಕವಾದ ಚಾರಿಟಿ ಕಮಿಷನ್ ನೋಂದಣಿ ಪುಸ್ತಕ ನೋಡಬೇಕು.