ಸಾಕ್ಷ್ಯಚಿತ್ರಕ್ಕೆ ಪ್ರಶ್ನೆ ಬರೆಯುವವರೇ, ನಮ್ಮ ಹಾಗೆ ಮಾಡಬೇಡಿ

ಧಾರವಾಡದಲ್ಲಿ ಎಂ.ಎ. ಓದುವಾಗ ನಾವು ನಾಲ್ವರು ಸೇರಿ ವಿಶ್ವವಿದ್ಯಾಲಯದ ಬದುಕಿನ ಬಗ್ಗೆ 15 ನಿಮಿಷದ ಸಾಕ್ಷ್ಯಚಿತ್ರ ಮಾಡಲು ಹೊರಟೆವು. ಕ್ಯಾಮೆರಾ, ಮೈಕ್ ಹುಡುಕಲು ಒಂದು ವಾರ ಓಡಾಡಿದೆವು. ಪ್ರಶ್ನೆಗಳನ್ನು ಮಾತ್ರ ಹಿಂದಿನ ರಾತ್ರಿ ಒಂದು ಗಂಟೆ ಕೂತು ಬರೆದೆವು. ಎಲ್ಲ ಕೆಟ್ಟಿದ್ದು ಅಲ್ಲೇ. ಈ ವರ್ಷ ಪ್ರಾಜೆಕ್ಟ್ ಮಾಡುವವರು ದಯವಿಟ್ಟು ಇದನ್ನು ಓದಿ.

ಒಟ್ಟು 26 ಪ್ರಶ್ನೆ. ಮೊದಲನೆಯದು, ವಿಶ್ವವಿದ್ಯಾಲಯ ಯಾವಾಗ ಶುರುವಾಯಿತು? ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, 1950ರಲ್ಲಿ ಧಾರವಾಡಕ್ಕೆ ಬಂತು. ಇದನ್ನು ಪರದೆಯ ಮೇಲೆ ಒಂದು ಸಾಲಿನಲ್ಲಿ ಹಾಕಿದರೆ ಮುಗಿಯಿತು. ನಾವು ಐದು ಜನರ ಬಾಯಲ್ಲಿ ಹೇಳಿಸಿದೆವು. ನಿವೃತ್ತ ಮೇಷ್ಟ್ರೊಬ್ಬರು ಪ್ರಶ್ನೆಗಳನ್ನು ಮೊದಲೇ ಕೇಳಿದರು, ಕೊಟ್ಟೆವು. ಅವರು ಉತ್ತರ ಬರೆದುಕೊಂಡು ಬಂದು, ಹಾಳೆಯಿಂದ ಕಣ್ಣೆತ್ತದೆ ಓದಿದರು. ತಪ್ಪು ಅವರದ್ದಲ್ಲ. ಏನು ವಿಷಯ ಅಂತ ಹೇಳಿದ್ದರೆ ಸಾಕಿತ್ತು.

ನವಲಗುಂದದ ಕಡೆಯ ಹುಡುಗನೊಬ್ಬ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿದ್ದ. 'ಇಲ್ಲಿ ಊಟಕ್ಕೆ ತೊಂದರೆ ಇಲ್ಲ ಅಲ್ವಾ?' ಅಂತ ಕೇಳಿದೆ. 'ಇಲ್ರಿ, ಛಲೋ ಐತ್ರಿ' ಅಂದ. ಮುಂದಿನ ಪ್ರಶ್ನೆಗೆ ಹೋದೆ. ಕ್ಯಾಮೆರಾ ಚೀಲಕ್ಕೆ ಹಾಕಿ ಗಿರಮಿಟ್ ತಿನ್ನುವಾಗ ಅವನು ಬುತ್ತಿಯ ಸುದ್ದಿ ತೆಗೆದ. ಅವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು ಊರಿನ ಬಸ್ಸಿಗೆ ಬುತ್ತಿ ಇಡುತ್ತಾಳೆ. ಇವನು ಸ್ಟ್ಯಾಂಡಿಗೆ ಹೋಗಿ ತರುತ್ತಾನೆ. ಡಬ್ಬಿಗಳು ಅದಲು ಬದಲಾಗಬಾರದು ಅಂತ ಇವನ ಡಬ್ಬಿಯ ಹಿಡಿಕೆಗೆ ಅವ್ವನ ಹಳೆ ಸೀರೆಯ ಹಸಿರು ಅಂಚು ಕಟ್ಟಿರುತ್ತದೆ. ಒಂದು ದಿನ ಬಸ್ ಬರಲೇ ಇಲ್ಲ. ಅವತ್ತು ಪಕ್ಕದ ರೂಮಿನವನು ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟನಂತೆ. ನಮ್ಮ ಸಿನಿಮಾ ಇದೇ ಆಗಿತ್ತು! ಮತ್ತೆ ಕ್ಯಾಮೆರಾ ಇಟ್ಟು 'ಹೇಳಪ್ಪಾ' ಅಂದರೆ ಎರಡೇ ಮಾತಲ್ಲಿ ಮುಗಿಸಿಬಿಟ್ಟ. ಹಸಿರು ಅಂಚು ಬರಲೇ ಇಲ್ಲ.

'ನಿನ್ನೆ ಏನು ಊಟ ಮಾಡಿದೆ, ಅದು ಎಲ್ಲಿಂದ ಬಂತು?' ಅಂತ ಕೇಳಿದ್ದರೆ ಮೊದಲ ಸಲವೇ ಸಿಗುತ್ತಿತ್ತು. ಹೌದು, ಇಲ್ಲ ಅಂತ ಮುಗಿಯುವ ಪ್ರಶ್ನೆಯನ್ನು ಪಟ್ಟಿಯಿಂದ ಹೊಡೆದು ಹಾಕಿ. ಎಡಿಟಿಂಗ್‌ನಲ್ಲಿ ನಮ್ಮ ದನಿ ತೆಗೆದಾಗ ಉಳಿದಿದ್ದು ಬರೀ 'ಹೌದ್ರಿ'. ಯಾವುದಕ್ಕೆ ಹೌದು? ಪ್ರಶ್ನೆಯನ್ನೂ ಸೇರಿಸಿಕೊಂಡು ಉತ್ತರ ಹೇಳಿ ಅಂತ ಮೊದಲೇ ತಿಳಿಸಿ. ಅವರು ನಿಲ್ಲಿಸಿದ ಕೂಡಲೇ ಬಾಯಿ ಹಾಕಬೇಡಿ, ಸುಮ್ನೆ ಕಾಯಿರಿ. ಒಳಗಿನ ಮಾತು ಬರುವುದು ಆಮೇಲೆಯೇ.

ಇದೆಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು 19ನೇ ಪ್ರಶ್ನೆ. 'ಫೀ ಕಟ್ಟಲು ಮನೆಯಲ್ಲಿ ಸಾಲ ಮಾಡಿದ್ದಾರಾ?' ರೋಣ ತಾಲೂಕಿನ ಹುಡುಗಿಗೆ ಕೇಳಿದೆ. ಕ್ಯಾಮೆರಾ ಓಡುತ್ತಿತ್ತು, ಹಿಂದೆ ಅವಳ ಗೆಳತಿಯರು ನಿಂತಿದ್ದರು. ಅವಳು ಓಡ್ನಿಯ ತುದಿಯನ್ನು ಬೆರಳಿಗೆ ಸುತ್ತುತ್ತಾ ಉತ್ತರ ಕೊಟ್ಟಳು, ಅತ್ತಳು. ನಮಗೆ ಒಳ್ಳೆಯ ಶಾಟ್ ಸಿಕ್ಕಿತು ಅನ್ನಿಸಿದ್ದು ನಿಜ. ಇಂಥ ಪ್ರಶ್ನೆ ಇದ್ದರೆ ಹಿಂದಿನ ದಿನವೇ, ಒಬ್ಬರೇ ಇದ್ದಾಗ, ಕೇಳಬಹುದಾ ಅಂತ ಕೇಳಿ. ಬೇಡ ಅಂದರೆ ಬಿಡಿ.

ಸಂಜೆ ಅವಳು ಹುಡುಕಿಕೊಂಡು ಬಂದಳು. 'ಅಕ್ಕಾ, ಅದನ್ನ ತೋರಸಬ್ಯಾಡ್ರಿ. ನಮ್ಮಪ್ಪ ನೋಡಿದ್ರ ಭಾಳ ನೋವು ಮಾಡ್ಕೋತಾನ.' ಅವಳ ಎದುರಿಗೇ ಕಾರ್ಡಿನಿಂದ ಅಳಿಸಿದೆವು. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ ಇತ್ತು. ಅದನ್ನೂ ತೆರೆದು ತೋರಿಸಿ, ಅಳಿಸಿದೆವು.